ಕೆಂಡದ ಮಡಕೆಯ ದೊಡ್ಡಮ್ಮ

ನಮ್ಮ ಮನೆಗೆ ಮಗು ಬಂದಿದೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಆಮೇಲೆ ಬೇರೆ ಮಾತು. ನನ್ನ ಮೊಮ್ಮಗಳ ಮಗಳು. ಸಾಗರದ ಆಸ್ಪತ್ರೆಯಿಂದ ನಿನ್ನೆ ಬೆಳಿಗ್ಗೆ ಕಾರಿನಲ್ಲಿ ಕರಕೊಂಡು ಬಂದರು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತವಳು ನಾನೇ. ತಟ್ಟೆ ವಾಲಿಸಿ ಓಕುಳಿ ನೀರೆಲ್ಲ ನನ್ನ ಸೀರೆಯ ಮೇಲೇ ಚೆಲ್ಲಿಕೊಂಡೆ. "ಅಜ್ಜೀ, ಆರತಿ ಮಗುವಿಗಾ ನಿಂಗಾ?" ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ವಯಸ್ಸಿನಲ್ಲಿ ಇಷ್ಟು ಖುಷಿ ಒಂದೇ ಸಲ ಬಂದರೆ ಎಲ್ಲಿ ತುಂಬಿಡೋದು ಅಂತಲೇ ತಿಳಿಯೋದಿಲ್ಲ. ನಿನ್ನೆಯಿಂದ ಊಟ ಸೇರಿಲ್ಲ, ನಿದ್ದೆ ಬಂದಿಲ್ಲ, ಆದರೂ ಸುಸ್ತಿಲ್ಲ ನೋಡಿ.

ಮಗುವನ್ನು ಎದೆಗವಚಿಕೊಂಡು ಒಳಗೆ ಹೋದವಳು ನನ್ನ ಮಗಳು. ಅವಳೂ ಈಗ ಅಜ್ಜಿಯಾದಳು. ಅವಳು ಹುಟ್ಟಿದ ದಿನ ಅಜ್ಜಿಯಾಗೋ ಮಾತು ಹಾಗಿರಲಿ, ಮುಸ್ಸಂಜೆ ದೀಪ ಹಚ್ಚೋವರೆಗೆ ಜೀವ ಹಿಡಿದಿರ್ತಾಳೆ ಅಂತ ಯಾರೂ ನಂಬಿರಲಿಲ್ಲ. ನಂಬಿದವಳು ಒಬ್ಬಳೇ. ಆ ಒಬ್ಬಳನ್ನು ನೆನೆಯದೆ ಈ ಖುಷಿಯನ್ನು ಉಂಡರೆ ನನಗೆ ದಕ್ಕೋದಿಲ್ಲ.

ಹೆಸರು ಹೇಳೋದಿಲ್ಲ. ದೊಡ್ಡವರ ಹೆಸರು ಹಿಡಿದು ಕರೆಯೋ ರೂಢಿ ನಮ್ಮಲ್ಲಿ ಇರಲಿಲ್ಲ. ಬಾಯಲ್ಲಿ ಯಾವತ್ತೂ ಹಿಡಿಯದ ಹೆಸರನ್ನು ಈಗ ಬರೆಯೋಕೆ ಕೈ ಬರೋದಿಲ್ಲ. ಕೇರಿಗೆಲ್ಲ ಅವಳು ದೊಡ್ಡಮ್ಮ. ನನಗೂ.

ಅವಳನ್ನು ಮೊದಲು ಸರಿಯಾಗಿ ನೋಡಿದ್ದು ಲಾರಿ ಹತ್ತುವಾಗ. ಅರವತ್ತರ ದಶಕದ ಮೊದಲ ವರ್ಷಗಳು. ಶರಾವತಿಗೆ ಆಣೆಕಟ್ಟು ಕಟ್ಟುತ್ತಿದ್ದರು. ನೀರು ಏರುತ್ತೆ, ಏಳಿ ಅಂತ ಹೊಳೆ ಬದಿಯ ಊರುಗಳನ್ನೆಲ್ಲ ಎಬ್ಬಿಸಿದರು. ನಮ್ಮದು ಗೇಣಿ ಗದ್ದೆಯ ಸಂಸಾರ. ನಾನು ಮದುವೆಯಾಗಿ ಬಂದು ಇನ್ನೂ ಆ ಊರಿನ ದಾರಿಗಳೆಲ್ಲ ಕಾಲಿಗೆ ಪರಿಚಯವಾಗಿರಲಿಲ್ಲ, ಅಷ್ಟರಲ್ಲಿ ಹೊರಡು ಅಂದರು. ಆವತ್ತಿನಿಂದ ನಮಗೆಲ್ಲ ಒಂದೇ ಹೆಸರು, ಮುಳುಗಡೆಯವರು. ಈಗ ಸಿಗಂದೂರಿಗೆ ಹೋಗೋ ಜನ ಹಿನ್ನೀರು ನೋಡಿ ಎಷ್ಟು ಚೆಂದ ಅಂತಾರೆ. ಚೆಂದವೇ, ಇಲ್ಲ ಅನ್ನೋದಿಲ್ಲ. ನಮ್ಮ ಅಂಗಳವೂ ಅದರ ಕೆಳಗೇ ಇದೆ.

ಲಾರಿಗೆ ಒಬ್ಬೊಬ್ಬರು ಒಂದೊಂದು ಹೊತ್ತು ತಂದರು. ಬಾಗಿಲ ಚೌಕಟ್ಟು, ಹಂಚು, ತುಳಸಿಕಟ್ಟೆಯ ಮಣ್ಣು, ನೊಗ, ಮಣೆ. ದೊಡ್ಡಮ್ಮ ಒಂದು ಮಣ್ಣಿನ ಮಡಕೆಯನ್ನು ಸಿಂಬೆಯ ಮೇಲೆ ಇಟ್ಟುಕೊಂಡು ಬಂದಳು. ಮಡಕೆಯಲ್ಲಿ ಬೂದಿ. ಬೂದಿಯೊಳಗೆ ಕೆಂಡ.

ಲಾರಿಯವನು ಹೌಹಾರಿದ. "ಅಜ್ಜೀ, ಬೆಂಕಿಯಾ ಅದು? ಇಳೀ ಮಾರಾಯ್ತಿ, ಇಳೀ. ಲಾರಿ ತುಂಬ ಹುಲ್ಲಿದೆ!"

"ಹಂಗಾದ್ರೆ ಹುಲ್ಲು ಇಳ್ಸು."

"ನಿಂಗೆ ತಲೆ ಸಮ ಇದ್ಯಾ? ಅಲ್ಲಿ ಅಂಗಡಿಗೆ ಹೋದ್ರೆ ಬೆಂಕಿಪೊಟ್ಣ ಸಿಗುತ್ತೆ."

"ಅಂಗಡಿಗೆ ಹೋದ್ರೆ ಅತ್ತೆನೂ ಸಿಗ್ತಾಳಾ? ಇದು ನಮ್ಮತ್ತೆ ಒಲೆಯಿಂದ ನನ್ನ ಒಲೆಗೆ ಬಂದ ಬೆಂಕಿ. ಅವಳಿಗೆ ಅವಳತ್ತೆ ಕೊಟ್ಟಿದ್ದು. ನಾನು ಬರದಿದ್ರೂ ಅಡ್ಡಿಲ್ಲ, ಇದನ್ನ ಹತ್ತಿಸ್ಕೋ."

ಕೊನೆಗೆ ಹುಲ್ಲು ಹಿಂದೆ, ಬೆಂಕಿ ಮುಂದೆ ಅಂತ ರಾಜಿಯಾಯಿತು. ಡ್ರೈವರ್ ಪಕ್ಕದ ಸೀಟಿನಲ್ಲಿ ಮಡಿಲಲ್ಲಿ ಮಡಕೆ ಇಟ್ಟುಕೊಂಡು, ಮದುವೆ ದಿಬ್ಬಣದ ಹಿರಿಯಳ ಹಾಗೆ ಸೆಟೆದು ಕೂತು ಬಂದಳು. ನಾವೆಲ್ಲ ಹಿಂದೆ ಸಾಮಾನಿನ ಮೇಲೆ. ನನ್ನ ಅತ್ತೆ ಮೂತಿ ತಿರುವಿದರು: "ಊರಿಗೆ ಊರೇ ಮುಳುಗ್ತು ಅಂತ ನಾವು ಅಳ್ತಿದ್ರೆ ಇವಳಿಗೆ ಒಲೆ ಚಿಂತೆ."

ನಮ್ಮನ್ನು ಇಳಿಸಿದ್ದು ರಿಪ್ಪನ್‌ಪೇಟೆಯಿಂದ ಆಚೆ ಒಂದು ಬೋಳು ಗುಡ್ಡದ ಮೇಲೆ. ಗಾಳಿ ಅಂದರೆ ಗಾಳಿ. ಯಾರ ಬೆಂಕಿಕಡ್ಡಿಯೂ ಕಲ್ಲಿನ ಒಲೆಯವರೆಗೆ ಬದುಕಿ ಹೋಗಲಿಲ್ಲ. ಆವತ್ತು ಎಲ್ಲರ ಗಂಜಿಯೂ ಬೆಂದದ್ದು ಆ ಮಡಕೆಯ ಕೆಂಡದಿಂದ. ಅತ್ತೆಯೂ ಹೋಗಿ ಇಸಕೊಂಡರು, ಮುಖವನ್ನು ಮಾತ್ರ ಬೇರೆ ಕಡೆ ತಿರುಗಿಸಿಕೊಂಡು. ದೊಡ್ಡಮ್ಮ ಎಲ್ಲರಿಗಿಂತ ದೊಡ್ಡ ಕೆಂಡ ಆರಿಸಿ ಅತ್ತೆಯ ಕರಟಕ್ಕೆ ಹಾಕಿದಳು. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು ಅನ್ನಿ.

ನೋಡೋಕೆ ಅವಳು ಹೇಗಿದ್ದಳು ಅಂದರೆ, ಒಣಗಿದ ಸೌದೆಯ ಹಾಗೇ ಇದ್ದಳು. ಕಪ್ಪಗೆ, ಸಪೂರ, ನೆಟ್ಟಗೆ. ಹುಬ್ಬಿನ ಕೂದಲು ಸುಟ್ಟು ಸುಟ್ಟು ಹುಬ್ಬೇ ಇರಲಿಲ್ಲ. ಕೆಂಡವನ್ನು ಬರಿಗೈಯಲ್ಲಿ ಎತ್ತಿ ಆಚೆ ಈಚೆ ಇಡುತ್ತಿದ್ದಳು, ನಾವು ಬಿಸಿ ಹಪ್ಪಳ ಎತ್ತಿದ ಹಾಗೆ. ನಾನೂ ಒಮ್ಮೆ ನೋಡಿಕೊಂಡು ಎತ್ತೋಕೆ ಹೋಗಿ ಬೊಬ್ಬೆ ಬರಿಸಿಕೊಂಡೆ. "ಕೆಂಡ ಎತ್ತೋದು ಸುಲಭ ಕಣೇ," ಅಂದಳು, "ಎತ್ಲಾ ಬೇಡ್ವಾ ಅಂತ ಯೋಚನೆ ಮಾಡಿದವ್ರಿಗೆ ಸುಡುತ್ತೆ." ಮಾತು ಒರಟು. ಬೆಂಕಿಯ ಮುಂದೆ ಕೂತಾಗ ಮಾತ್ರ ಬಾಯಿ ಮುಚ್ಚಿ ಕಿವಿ ಕೊಡುತ್ತಿದ್ದಳು. ಸೌದೆ ಚಿಟಿಚಿಟಿ ಅಂದರೆ ಒಳಗೆ ಹಸಿ ಇದೆ, ಗೊರಗೊರ ಅಂದರೆ ಹುಳ ಹಿಡಿದಿದೆ, ಸುಮ್ಮನೆ ಉಸಿರಾಡಿದ ಹಾಗೆ ಉರಿದರೆ ಅದು ಮನೆಯೊಳಗೆ ಇಡೋ ಸೌದೆ ಅನ್ನೋಳು. ಮಾವಿನದ್ದು ಬಚ್ಚಲಿಗೆ ಸಾಕು, ಮತ್ತಿ, ಜಂಬೆಯನ್ನು ಚಳಿಗೆ ಇಡಿ, ಅಡಿಕೆ ಸಿಪ್ಪೆಯನ್ನು ಹೊರಗೇ ಇಡಿ, ಅದು ಹೊಗೆಯ ಜಾತಿ. ಕೇರಿಯವರು ಸೌದೆ ತಂದರೆ ಅವಳ ಮೂಗಿನ ಕೆಳಗೆ ಹಿಡಿದು ಕೇಳೋರು. ಹೆಣ್ಣು ನೋಡಲು ಬಂದವರ ಹಾಗೆ ಮೂಸಿ, ತಟ್ಟಿ, ಒಪ್ಪೋಳು, ಇಲ್ಲ ಅತ್ಲಾಗೆ ಬಿಸಾಕೋಳು.

ಗುಡಿಸಲಿನ ನಡುವೆ ಅವಳದ್ದೊಂದು ಬೆಂಕಿಗುಂಡಿ. ಅದರಲ್ಲಿ ಮತ್ತಿ ಮರದ ದೊಡ್ಡ ಬೊಡ್ಡೆ, ಸುತ್ತ ಭತ್ತದ ಉಮಿ, ಮೇಲೆ ಬೂದಿ. ಮಳೆಗಾಲ ಕಳೆದು ಹಬ್ಬ ಬಂದು ಹೋದರೂ ಆ ಬೊಡ್ಡೆ ಒಳಗೊಳಗೇ ಉರೀತಾ ಇತ್ತು. ಒಮ್ಮೆ ಕೇಳಿದೆ, "ದೊಡ್ಡಮ್ಮ, ಮಕ್ಕಳು ಮರಿ ಯಾರೂ ಇಲ್ವಾ?" ಕೋಲಿನಿಂದ ಬೂದಿ ಸರಿಸಿ, ಕೆಂಪು ಕಂಡ ಮೇಲೆ ಮತ್ತೆ ಮುಚ್ಚಿದಳು. "ಹೆತ್ತಿದ್ದು ಒಂದೂ ಉಳೀಲಿಲ್ಲ. ಇದೊಂದು ಉಳೀತು." ಅಷ್ಟೇ. ಮತ್ತೆ ಆ ಮಾತು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಮೊದಲ ಮಳೆಗಾಲವನ್ನು ಎಲ್ಲರೂ ಸೋಗೆಯ ಗುಡಿಸಲುಗಳಲ್ಲಿ ಕಳೆದೆವು. ಮಣ್ಣಿನ ಗೋಡೆ ಎಬ್ಬಿಸಿದ್ದು ದೀಪಾವಳಿ ಕಳೆದ ಮೇಲೆ. ಆಗ ನನಗೆ ದಿನ ತುಂಬುತ್ತಾ ಬರುತ್ತಿತ್ತು. ಸಂಕ್ರಾಂತಿ ಕಳೆದು ಹೆರಿಗೆ ಅಂತ ಅತ್ತೆಯ ಲೆಕ್ಕ. ನಮ್ಮ ಮನೆಯವರು ಎಲ್ಲಿಲ್ಲದ ಹುರುಪಿನಲ್ಲಿ ಕೆಸರು ತುಳಿದು, ಗೋಡೆ ಇಟ್ಟು, ಮಾಡು ಹೊದೆಸಿ, ಇನ್ನು ಒಳಗೆ ಹೋಗೋದೇ ಅಂದರು. ದೊಡ್ಡಮ್ಮ ಬಂದು ಗೋಡೆಗೆ ಅಂಗೈ ಇಟ್ಟಳು. ತೆಗೆದು ನೋಡಿದಳು. ಅಂಗೈ ಪಸೆಪಸೆ.

"ಇದು ಅಳ್ತಿದೆ," ಅಂದಳು.

"ಗೋಡೆ ಅಳ್ತದಾ ದೊಡ್ಡಮ್ಮ?" ನಮ್ಮ ಮನೆಯವರು ನಕ್ಕರು.

"ನಗು, ನಗು. ಹಸಿ ಗೋಡೆ ಮನೆ ಬಿಸೀನೆಲ್ಲ ಕುಡೀತದೆ. ಎಷ್ಟು ಬೆಂಕಿ ಹಾಕಿದ್ರೂ ಸಾಕಾಗಲ್ಲ ಅದಕ್ಕೆ. ಬಾಣಂತಿನೂ ಕುಡೀತದೆ, ಮಗೂನೂ ಕುಡೀತದೆ. ಗೋಡೆ ಅಳೋದು ನಿಲ್ಲೋ ಮುಂಚೆ ಮನೇಲಿ ಮಗು ಅಳೋದು ಕೇಳ್ಬಾರ್ದು. ತಿಳೀತಾ?"

ಗುಡ್ಡದ ಚಳಿ ಏನು ಅಂತ ಅಷ್ಟರಲ್ಲಿ ನಮಗೂ ತಿಳಿದಿತ್ತು. ಹೊಳೆ ಬದಿಯಲ್ಲಿ ಚಳಿ ಇರಲಿಲ್ಲ ಅಂತಲ್ಲ. ಅಲ್ಲಿ ಅದು ಮರಗಳ ನಡುವೆ ನುಸುಳಿ ದಣಿದು ಬರುತ್ತಿತ್ತು. ಇಲ್ಲಿ ತಡೆಯೋರೇ ಇಲ್ಲ. ಬೆಳಿಗ್ಗೆ ಎದ್ದರೆ ಕಂಬಳಿಯ ಮೇಲೆ ಇಬ್ಬನಿ.

ಆವತ್ತಿನಿಂದ ದೊಡ್ಡಮ್ಮ ನಮ್ಮ ಮನೆಯನ್ನು ಒಣಗಿಸಲು ಕೂತಳು. ರಿಪ್ಪನ್‌ಪೇಟೆಯ ಅಕ್ಕಿ ಗಿರಣಿಯಿಂದ ನಮ್ಮ ಮನೆಯವರು ಗಾಡಿಯಲ್ಲಿ ಉಮಿ ತಂದು ಸುರಿದರು. ಗೋಡೆಯ ಬುಡಕ್ಕೆ, ಒಂದು ಮೊಳ ಬಿಟ್ಟು, ಒಡ್ಡಿನ ಹಾಗೆ ಉಮಿ ಸಾಲು ಹಾಕಿ, ಒಂದು ತುದಿಗೆ ತನ್ನ ಮನೆಯ ಕೆಂಡ ಇಟ್ಟಳು. ಉರಿ ಇಲ್ಲ, ಸದ್ದಿಲ್ಲ. ಕಪ್ಪಗಾಗುತ್ತಾ, ಕಪ್ಪಗಾಗುತ್ತಾ ಆ ತುದಿಯಿಂದ ಈ ತುದಿಗೆ ಬೆಂಕಿ ನಡೆದುಕೊಂಡು ಬರುತ್ತಿತ್ತು. ಹೊರಗಿನ ಸುತ್ತಿಗೆ ಅಡಿಕೆ ಸಿಪ್ಪೆ. ಮೂಲೆಗಳಲ್ಲಿ ಮರದ ಬೇರು. ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಗೋಡೆಯಿಂದ ಹಬೆ ಏಳೋದು, ಕಪ್ಪು ಮಣ್ಣು ಮೇಲಿನಿಂದ ಕೆಳಗೆ ಕೆಂಪಾಗುತ್ತಾ ಇಳಿಯೋದು. ದೇವರು ಮನೆ ಕಟ್ಟಿದರೆ ಹೀಗೇ ಕಟ್ಟುತ್ತಾನೇನೋ ಅನ್ನಿಸುತ್ತಿತ್ತು, ಸದ್ದೇ ಇಲ್ಲದೆ.

ನಮ್ಮ ಮನೆಯವರಿಗೆ ತಾಳ್ಮೆ ಕಮ್ಮಿ. ಒಂದು ದಿನ ದೊಡ್ಡಮ್ಮ ಸೌದೆಗೆ ಹೋದ ಹೊತ್ತು ನೋಡಿಕೊಂಡು, ಬೇಗ ಒಣಗಲಿ ಅಂತ ಮೂಲೆಯ ಕೋಣೆಯಲ್ಲಿ ಕಾಮದಹನದ ಹಾಗೆ ದೊಡ್ಡ ಉರಿ ಎಬ್ಬಿಸಿದರು. ಅದರ ಹೊರಗೋಡೆ ಟಪ್ ಅಂತು. ಸೂರಿನಿಂದ ನೆಲದವರೆಗೆ ಬೆರಳು ತೂರುವಷ್ಟು ಬಿರುಕು. ದೊಡ್ಡಮ್ಮ ಬಂದು ನೋಡಿದಳು. ನಾವೆಲ್ಲ ಬೈಗುಳ ಕೇಳಲು ತಯಾರಾಗಿ ನಿಂತಿದ್ದೆವು.

"ಸಿಟ್ಟು ಬಂದ್ರೆ ಹಿಂಗೇ ಆಗೋದು," ಅಂದಳು. "ಗೋಡೆಗೂ ಅಷ್ಟೇ, ಮನುಷ್ಯಂಗೂ ಅಷ್ಟೇ. ಇರ್ಲಿ, ಗಂಡಸು ಕಟ್ಟಿದ ಮನೆ ಅಂತ ಗುರುತಿಗೆ."

ಆ ಬಿರುಕು ಮೆತ್ತಬೇಕು ಅಂತ ಮಣ್ಣು ಕಲಸಿ ಇಟ್ಟಿದ್ದೆವು. ಮೆತ್ತುವ ಮೊದಲೇ ನನಗೆ ನೋವು ಶುರುವಾಯಿತು. ಸಂಕ್ರಾಂತಿ ಇನ್ನೂ ದೂರ ಇತ್ತು.

ಮಧ್ಯಾಹ್ನದ ಹೊತ್ತು. ಹೊರಗೆ ಬಿಸಿಲಿದ್ದರೂ ಗಾಳಿ ಕೊರೀತಾ ಇತ್ತು. ಮನೆಯವರು ಗಾಡಿ ಕಟ್ಟಿಕೊಂಡು ಉಮಿಗೆ ಹೋಗಿದ್ದರು. ಹೆರಿಗೆ ಮಾಡಿಸಿದ್ದು ಅತ್ತೆ. ಆ ಕೆಲಸದಲ್ಲಿ ಅವರ ಕೈಯನ್ನು ಯಾರೂ ತೆಗೆದುಹಾಕೋ ಹಾಗಿರಲಿಲ್ಲ. ಮಗು ಬಂತು. ಅಳಲಿಲ್ಲ. ಕಣ್ಣು ಬಿಡದ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಸದ್ದು ಮಾಡಿತು. ಪಾದ ನೀಲಿ, ಹಿಡಿದರೆ ನೀರಿನಿಂದ ಎತ್ತಿದ ಮೀನು. ಬಾಣಂತಿ ಕೋಣೆಗೆ ಅಂತ ಇಟ್ಟದ್ದೇ ಆ ಮೂಲೆಯ ಕೋಣೆ, ಕೊನೆಗೆ ಎಬ್ಬಿಸಿದ್ದು, ಎಲ್ಲಕ್ಕಿಂತ ಹಸಿ. ಗೋಡೆ ಇನ್ನೂ ಅಳ್ತಾ ಇತ್ತು.

ಅತ್ತೆ ಗಾಬರಿಯಲ್ಲಿ ಬಾಂಡ್ಲಿಯೊಳಗೆ ಸಿಕ್ಕಿದ ಸೌದೆ ತುಂಬಿ ಕಡ್ಡಿ ಗೀರಿ ಕೋಣೆಯೊಳಗೆ ತಂದಿಟ್ಟರು. ಹಸಿ ಮಾವು. ಕೋಣೆ ತುಂಬ ಹೊಗೆ. ನಾನು ಕೆಮ್ಮುತ್ತಿದ್ದೆ, ಮಗುವಿಗೆ ಕೆಮ್ಮೋ ಶಕ್ತಿಯೂ ಇರಲಿಲ್ಲ.

ಬಾಗಿಲಲ್ಲಿ ದೊಡ್ಡಮ್ಮ. "ತೆಗೀ ಅದನ್ನ! ಮಗು ಚಳಿಗೆ ಹೋಗೋಕ್ ಮುಂಚೆ ನಿನ್ನ ಹೊಗೆಗೆ ಹೋಗ್ತದೆ!"

"ಮತ್ತೆ ಎಂಥ ಮಾಡ್ಲಿ? ಎಂಥ ಮಾಡ್ಲಿ ಹೇಳು!" ಅತ್ತೆ ಹಾಗೆ ದನಿ ಒಡೆದು ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ದೊಡ್ಡಮ್ಮ ಬಾಂಡ್ಲಿ ಹೊರಗೆ ಒಯ್ದು ಬೋರಲು ಹಾಕಿದಳು. ಅದನ್ನೇ ಹಿಡಿದುಕೊಂಡು ತನ್ನ ಗುಡಿಸಲಿಗೆ ಓಡಿದಳು. ಬಂದಾಗ ಬಾಂಡ್ಲಿ ತುಂಬ ಕೆಂಡ, ಹಣ್ಣಾದ ಕೆಂಡ, ಒಂದು ಎಳೆ ಹೊಗೆ ಇಲ್ಲ. ಹಸಿ ಗೋಡೆಯ ಬುಡಕ್ಕೆ ಸುರಿದಳು. ಮತ್ತೆ ಓಡಿದಳು. ಮತ್ತೆ ತಂದಳು. ಕೊನೆಗೆ ಆ ಮತ್ತಿ ಬೊಡ್ಡೆಯನ್ನೇ ಎಳೆದುಕೊಂಡು ಬಂದಳು ಮಾರಾಯ್ರೇ, ಆ ಸಪೂರ ಹೆಂಗಸು, ಉರಿಯುವ ತುದಿಯನ್ನು ಕಬ್ಬಿಣದ ಕೊಕ್ಕೆಯಲ್ಲಿ ಸಿಕ್ಕಿಸಿಕೊಂಡು, ಅಂಗಳದುದ್ದಕ್ಕೂ ಕಿಡಿ ಚೆಲ್ಲಿಕೊಂಡು. ಕೋಣೆ ಒಂದು ಕ್ಷಣದಲ್ಲಿ ಕೆಂಪಾಯಿತು. ನನಗೆ ಆ ಕೆಂಪು ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತೆ. ಗೋಡೆ ಹಬೆಯಾಡಿತು, ಅದರ ಒದ್ದೆ ಎದೆಯಿಂದ ನಿಟ್ಟುಸಿರು ಬಿಟ್ಟ ಹಾಗೆ.

ಇಷ್ಟರಲ್ಲಿ ಅತ್ತೆ, ಬಾಣಂತಿಗೆ ಗಾಳಿ ಸೋಕಬಾರದು ಅಂತ, ಹಳೇ ಸೀರೆ ಹರಿದು ಗೋಡೆಯ ಬಿರುಕಿಗೆಲ್ಲ ತುರುಕಿದ್ದರು. ಬಾಗಿಲ ಸಂದಿಗೂ ತುರುಕಿದ್ದರು. ನನಗೆ ತಲೆ ಭಾರ ಆಗಿ, ಹಿತವಾಗಿ ನಿದ್ದೆ ಬಂದ ಹಾಗಾಗುತ್ತಿತ್ತು. ದೊಡ್ಡಮ್ಮ ಉಮಿ ಹೊತ್ತುಕೊಂಡು ಒಳಗೆ ಬಂದವಳು ಬುಟ್ಟಿ ಬಿಸಾಕಿ ಮೊದಲು ಆ ಬಟ್ಟೆಗಳನ್ನು ಕಿತ್ತಳು.

"ಗಾಳಿ ಬರ್ತದೆ!" ಅತ್ತೆ ಕೈ ಹಿಡಿದರು.

"ಬರ್ಲಿ! ಕೆಂಡಕ್ಕೆ ಹೊಗೆ ಇಲ್ಲ ಅಂತ ನಂಬ್ಬೇಡ ಮಾರಾಯ್ತಿ. ಹೊಗೆ ಇರೋ ಬೆಂಕಿ ಬೈದು ಹೊಡೀತದೆ. ಹೊಗೆ ಇಲ್ದಿದ್ದು ಜೋಗುಳ ಹಾಡಿ ಹೊಡೀತದೆ. ನಿನ್ನ ಸೊಸೆ ಕಣ್ಣು ನೋಡು, ಎಲ್ಲಿ ಹೋಗ್ತಿದಾವೆ ಅಂತ."

ಬಿರುಕಿನಿಂದ ಕತ್ತಿಯಲಗಿನ ಹಾಗೆ ತಣ್ಣಗೆ ಒಂದು ಎಳೆ ಗಾಳಿ ಬಂದು ನನ್ನ ಹಣೆಗೆ ತಾಗಿತು. ತಲೆ ತಿಳಿಯಾಯಿತು. "ನಿನ್ನ ಗಂಡನ ಸಿಟ್ಟು ಉಪಯೋಗಕ್ಕೆ ಬಂತು ನೋಡು," ಅಂತ ಅಷ್ಟು ಗಾಬರಿಯಲ್ಲೂ ನಕ್ಕಳು.

ಆಮೇಲೆ ಅವಳು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ. ಹಸಿ ಗೋಡೆಗೆ ತನ್ನ ಬೆನ್ನು ಒರಗಿಸಿ ಕೂತಳು. ಸೆರಗು ತೆಗೆದು ಮಗುವನ್ನು ಹೊಟ್ಟೆಯ ಮೇಲೆ ಕವುಚಿ ಹಾಕಿಕೊಂಡು, ಮೇಲೆ ಕಂಬಳಿ ಎಳೆದುಕೊಂಡಳು. ಮುಂದೆ ಬೆಂಕಿ, ಹಿಂದೆ ಅಳುವ ಗೋಡೆ. ಗೋಡೆ ಕುಡಿಯೋದೇ ಆದರೆ ಮೊದಲು ನನ್ನನ್ನು ಕುಡಿಯಲಿ ಅನ್ನೋ ಹಾಗೆ. ಅತ್ತೆ ನನ್ನ ಎದೆಹಾಲು ಹಿಂಡಿ, ಅದರಲ್ಲಿ ಬತ್ತಿ ಅದ್ದಿ ಮಗುವಿನ ತುಟಿಗೆ ಇಡೋರು. ದೊಡ್ಡಮ್ಮ ಕಾಲಿನಲ್ಲೇ ಕೋಲು ಹಿಡಿದು ಬೆಂಕಿ ಸರಿಸೋಳು.

ಮಾರನೇ ದಿನ ಬಿಸಿಲು ಏರುವ ಹೊತ್ತಿಗೆ ಕಂಬಳಿಯೊಳಗಿಂದ ಒಂದು ಕೂಗು ಬಂತು. ಬೆಕ್ಕಿನ ಮರಿಯದ್ದಲ್ಲ, ಗಂಟಲು ಇರುವ ಮನುಷ್ಯರ ಮಗುವಿನದ್ದು. ದೊಡ್ಡಮ್ಮ ಕಂಬಳಿ ಸರಿಸಿ ನೋಡಿ, "ಹಿಡೀತು," ಅಂದಳು. ಒಲೆಗೆ ಬೆಂಕಿ ಹಿಡಿದಾಗ ಅನ್ನುವ ಹಾಗೇ. "ಹಿಡೀತು ಕಣೇ, ಹಿಡೀತು." ಅವಳ ಕಣ್ಣಲ್ಲಿ ನೀರಿತ್ತು. ಹೊಗೆ ಇರಲಿಲ್ಲ.

ಮಗುವನ್ನು ನನ್ನ ಮಗ್ಗುಲಿಗೆ ಕೊಟ್ಟು, ಬೆನ್ನು ನೆಟ್ಟಗೆ ಮಾಡಲಾಗದೆ ಗೋಡೆ ಹಿಡಿದು ಎದ್ದು, ಸ್ನಾನ ಮಾಡಿ ಗುಡಿಸಲಿಗೆ ಹೋದಳು. ಹೋದವಳು ಬರಲಿಲ್ಲ. ಅತ್ತೆ ನೋಡಿಕೊಂಡು ಬರಲು ಹೋದರು. ಬೆಂಕಿಗುಂಡಿಯ ಮುಂದೆ ಕೂತು, ಬೂದಿಯೊಳಗೆ ಮೊಣಕೈವರೆಗೆ ಕೈ ಹಾಕಿ ತಡಕುತ್ತಿದ್ದಳಂತೆ. ಎಲ್ಲ ಕೆಂಡವನ್ನೂ ನಮಗೆ ಸುರಿದಿದ್ದಳು. ಒಂದು ಕಿಡಿ ಉಳಿಸಿಕೊಳ್ಳಬೇಕು ಅನ್ನೋದು ಆ ಓಟದಲ್ಲಿ ಅವಳಿಗೆ ಹೊಳೆದೇ ಇರಲಿಲ್ಲ. ಬೂದಿ ತಣ್ಣಗಾಗಿತ್ತು.

ಕೇರಿಯ ಎಲ್ಲ ಒಲೆಗಳಿಗೂ ಮೊದಲ ದಿನ ಆ ಬೆಂಕಿ ಹೋಗಿತ್ತು ನಿಜ. ಆದರೆ ಅವಳ ಹಾಗೆ ಕಾಪಾಡಿದವರು ಯಾರೂ ಇಲ್ಲ. ಉಂಡ ಮೇಲೆ ಆರಿಸಿ, ಬೆಳಿಗ್ಗೆ ಕಡ್ಡಿ ಗೀರುವವರೇ ಎಲ್ಲರೂ. ಮುಳುಗಿದ ಊರಿನ ಬೆಂಕಿ ಈಗ ಉಳಿದಿದ್ದು ಒಂದೇ ಕಡೆ, ನನ್ನ ಬಾಣಂತಿ ಕೋಣೆಯಲ್ಲಿ. ಮಗು ಹುಟ್ಟಿದ ಮನೆಯ ಅಮೆ, ಅಂದರೆ ಹೆರಿಗೆಯ ಸೂತಕ, ಕಳೆಯೋವರೆಗೆ ಅಲ್ಲಿಂದ ಬೆಂಕಿ ಹೊಸ್ತಿಲು ದಾಟಬಾರದು. ದಾಟಿದರೆ ಮಗುವಿನ ಮೈಬಿಸಿಯೂ ಅದರ ಹಿಂದೆ ಹೋಗುತ್ತೆ ಅಂತ ನಮ್ಮ ನಂಬಿಕೆ. ಅತ್ತೆ ಅದನ್ನು ಉಸಿರಿನಷ್ಟು ನಂಬಿದವರು. ದೊಡ್ಡಮ್ಮನೂ ಅಷ್ಟೇ. ಬಾಯಿ ಬಿಟ್ಟು ಕೇಳಲಿಲ್ಲ. ನಾನೇ ಅಂದೆ, "ಒಂದು ಕೆಂಡ ತಗೊಂಡು ಹೋಗು ದೊಡ್ಡಮ್ಮ, ನಿನ್ನದೇ ಅಲ್ವಾ."

"ಬಾಯ್ಮುಚ್ಚು. ಅಷ್ಟು ಕಷ್ಟಪಟ್ಟು ಹೊತ್ತಿಸಿದ್ದನ್ನ ನಾನೇ ಆರಿಸ್ಲಾ?"

ಕಡ್ಡಿ ಗೀರಲೂ ಇಲ್ಲ. ಹಗಲು ಬಂದು ನಮ್ಮ ಕೋಣೆಯ ಬೆಂಕಿ ನೋಡಿಕೊಳ್ಳೋಳು, ಗೋಡೆ ಮುಟ್ಟಿ ನೋಡೋಳು, ಮಗುವಿನ ಪಾದ ಮುಟ್ಟಿ ನೋಡೋಳು. ಆಮೇಲೆ ಸ್ನಾನ ಮಾಡಿ ಹೋಗಿ ತಣ್ಣೀರಲ್ಲಿ ಅವಲಕ್ಕಿ ನೆನೆಸಿ ತಿನ್ನೋಳು. ಕೇರಿಯವರು ಬಿಸಿ ಗಂಜಿ ಕೊಟ್ಟರೆ, "ನನ್ನೊಲೆ ಹತ್ತಿದ ಮೇಲೆ ಉಣ್ತೀನಿ, ತಗೊಂಡು ಹೋಗಿ." ಅವಳ ಕೆಮ್ಮು ನಮ್ಮ ಮನೆಗೆ ಕೇಳುತ್ತಿತ್ತು. ಆ ಗುಡ್ಡದ ಚಳಿಯಲ್ಲಿ, ಊರಿಗೆಲ್ಲ ಬೆಂಕಿ ಹಂಚಿದವಳು ತಣ್ಣನೆ ಗುಡಿಸಲಲ್ಲಿ. ಆ ಕೆಮ್ಮು ಕೇಳಿದಾಗೆಲ್ಲ ಅತ್ತೆ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸೋರು.

ಅಮೆ ಇನ್ನೂ ಕಳೆದಿರಲಿಲ್ಲ. ಒಂದು ಬೆಳಿಗ್ಗೆ, ಬಿಸಿಲು ಬಿದ್ದ ಹೊತ್ತು, ಅತ್ತೆ ನನ್ನ ಕೋಣೆಗೆ ಬಂದರು. ಕೈಯಲ್ಲಿ ದೊಡ್ಡಮ್ಮನ ಆ ಮಡಕೆ. ಯಾವಾಗ ತಂದಿಟ್ಟಿದ್ದರೋ. ಬೊಡ್ಡೆಯ ಹೊಟ್ಟೆಯಿಂದ ಕೆಂಡ ಕೆದಕಿ ತುಂಬಿದರು, ಮೇಲೆ ಬೂದಿ ಹಾಕಿದರು. ಮಗುವನ್ನು ಒಮ್ಮೆ ನೋಡಿದರು. ಹೊಸ್ತಿಲು ದಾಟಿದರು.

ನಾನು ಬಿರುಕಿಗೆ ಕಣ್ಣಿಟ್ಟೆ. ಕೇರಿಯ ಹೆಂಗಸರು ನಿಂತ ನಿಂತಲ್ಲೇ ನೋಡುತ್ತಿದ್ದರು. ಯಾರೋ ಕೂಗಿದರು, "ಅಯ್ಯೋ, ಅಮೆ ಬೆಂಕಿ!" ಅತ್ತೆ ತಿರುಗಿ ಸಹ ನೋಡಲಿಲ್ಲ. ದೊಡ್ಡಮ್ಮ ಗುಡಿಸಲ ಬಾಗಿಲಿಗೆ ಅಡ್ಡ ಬಂದು ನಿಂತಳು.

"ಬೇಡ. ಬೇಡ ಮಾರಾಯ್ತಿ, ಹಿಂದೆ ತಗೊಂಡು ಹೋಗು. ಮ‌ಗೂಗೆ..."

"ಸರಿ ಅತ್ಲಾಗೆ. ಇದು ನಮ್ಮನೆ ಬೆಂಕಿ ಹೌದಾ? ನಿಮ್ಮನೆಯಿಂದ ನಮ್ಮನೆಗೆ ನೆಂಟರು ಬಂದಿದ್ರು, ಈಗ ಹೊರಟ್ರು. ನೆಂಟ್ರಿಗೆ ಎಂಥ ಅಮೆ? ಬಾಗ್ಲು ಬಿಡು, ಕೈ ಸುಡ್ತಿದೆ."

ದೊಡ್ಡಮ್ಮ ಸರಿದು ಜಾಗ ಬಿಟ್ಟಳು. ಅತ್ತೆಯೇ ಗುಂಡಿಗೆ ಕೆಂಡ ಸುರಿದು, ಉಮಿ ಹಾಕಿ, ಊದಿದರು. ಗುಡಿಸಲ ಸೋಗೆಯ ಸಂದಿಯಿಂದ ಹೊಗೆ ಎದ್ದದ್ದು ನನಗೆ ಬಿರುಕಿನಿಂದಲೇ ಕಂಡಿತು.

ವಾಪಸು ಬಂದ ಅತ್ತೆ ಕಾಲು ತೊಳೆಯೋದನ್ನೂ ಮರೆತು ನೇರ ಮಗುವಿನ ಹತ್ತಿರ ಬಂದು ಪಾದ ಹಿಡಿದು ನೋಡಿದರು. ತುಂಬ ಹೊತ್ತು ಹಿಡಿದೇ ಇದ್ದರು. ಬಿಸಿ ಇತ್ತು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ಊರು ಬಿಟ್ಟು ಬರುವಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತರು.

ಆವತ್ತಿನಿಂದ ನಮ್ಮ ಮನೆಯ ಒಲೆಯನ್ನೂ ಆರಗೊಡಲಿಲ್ಲ. ದೊಡ್ಡಮ್ಮ ಸೌದೆ ಮೂಸೋದು, ಅತ್ತೆ ಒಟ್ಟೋದು. ಇಬ್ಬರೂ ದಿನಾ ಜಗಳ. "ಬೂದಿ ಸಾಲ್ದು." "ನಂಗೆ ಹೇಳಿಕೊಡ್ಬೇಡ." ಜಗಳ ಕೇಳದ ದಿನ ನಮಗೇ ಹೆದರಿಕೆ, ಯಾರಿಗೆ ಹುಷಾರಿಲ್ಲವೋ ಅಂತ. ನನ್ನ ಮಗಳು ದೊಡ್ಡಮ್ಮನ ಬೆಂಕಿಗುಂಡಿಯ ಪಕ್ಕದಲ್ಲೇ ಅಂಬೆಗಾಲಿಟ್ಟಳು. ಬೆಂಕಿಯ ಹತ್ತಿರ ಹೋದರೆ ದೊಡ್ಡಮ್ಮ ಗದರುತ್ತಿರಲಿಲ್ಲ. "ಅದಕ್ಕೆ ಇವಳ ಗುರ್ತು ಇದೆ," ಅನ್ನೋಳು. ಆದರೂ ಒಂದು ಕೈ ಮಗುವಿನ ಲಂಗದ ತುದಿಯನ್ನು ಹಿಡಿದೇ ಇರುತ್ತಿತ್ತು.

ಮಗಳು ಶಾಲೆಗೆ ಸೇರಿದ ವರ್ಷದ ಬೇಸಿಗೆಯಲ್ಲಿ ದೊಡ್ಡಮ್ಮ ಹೋದಳು. ಬೆಳಿಗ್ಗೆ ಗುಂಡಿಯ ಪಕ್ಕ ಮಲಗಿದ್ದವಳು ಏಳಲಿಲ್ಲ. ಕಟ್ಟಿಗೆ ಒಟ್ಟಿದರು. ಯಾರೋ ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಅತ್ತೆ ಹುಲಿಯ ಹಾಗೆ ಬಂದರು: "ಕಡ್ಡಿ ಗೀರಿದ್ರೆ ನೋಡಿ!" ಅದೇ ಮಡಕೆಗೆ ನಮ್ಮ ಒಲೆಯ ಕೆಂಡ ತುಂಬಿ ನಮ್ಮ ಮನೆಯವರ ಕೈಗೆ ಕೊಟ್ಟರು. ಹೆತ್ತ ಮಕ್ಕಳಿಲ್ಲದವಳಿಗೆ ಅವರೇ ಮಗನಾದರು. ಲಾರಿಯಲ್ಲಿ ಅವಳ ಮಡಿಲಲ್ಲಿ ಕೂತು ಬಂದ ಮಡಕೆ ಆವತ್ತು ಅವಳ ಮುಂದೆ ಮುಂದೆ ಹೋಯಿತು.

ಆ ಬೆಂಕಿ ಇವತ್ತಿಗೂ ನಮ್ಮ ಮನೆಯಲ್ಲಿ ಇದೆ ಅಂತ ಬರೆದರೆ ಸುಳ್ಳಾಗುತ್ತೆ. ಅತ್ತೆ ಇರುವಷ್ಟು ದಿನ ಇತ್ತು. ಆಮೇಲೆ ಗ್ಯಾಸ್ ಬಂತು, ಒಲೆ ಹೋಯಿತು. ಮಣ್ಣಿನ ಮನೆಯೂ ಹೋಯಿತು. ಹೋದ ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಸಿಮೆಂಟಿನ ಮನೆ ಎದ್ದಿದೆ. ಇವತ್ತು ಬೆಳಿಗ್ಗೆ ಮಗುವಿನ ಕೋಣೆಗೆ ಹೋದೆ. ಗುಡ್ಡದ ಚಳಿ ಹಾಗೇ ಇದೆ, ಅದು ಯಾವ ಮುಳುಗಡೆಗೂ ಏಳಲಿಲ್ಲ. ಗೋಡೆಗೆ ಅಂಗೈ ಇಟ್ಟು ನಿಂತೆ.

"ಅಮ್ಮ, ಎಂಥ ಮಾಡ್ತಿದ್ದೀಯ ಅಲ್ಲಿ?" ಮಗಳು ತೊಟ್ಟಿಲ ಹಗ್ಗ ಹಿಡಿದುಕೊಂಡೇ ಕೇಳಿದಳು.

"ಸುಮ್ನಿರು," ಅಂದೆ.

ಅಂಗೈ ತೆಗೆದು ನೋಡಿದೆ. ಪಸೆ ಇರಲಿಲ್ಲ, ಒಣಗಿಯೇ ಇತ್ತು. ಅಷ್ಟರಲ್ಲಿ ತೊಟ್ಟಿಲೊಳಗೆ ಮಗು ಅಳೋಕೆ ಶುರು ಮಾಡಿತು, ಕೇರಿಗೆಲ್ಲ ಕೇಳೋ ಹಾಗೆ.